ಯಾನಾ ಇದ್ದ ಶ್ರಾವಣ

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ ಒಂದು ತರಬೇತಿ ಇತ್ತು. ಮೀಟಿಂಗ್ ರೂಮಿನ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಚಾರ್ಟ್ ಹಾಳೆ ಅಂಟಿಸಿ, ದಪ್ಪ ಮಾರ್ಕರಿನಲ್ಲಿ 'ನಾವೆಲ್ಲರೂ ಒಂದೇ' ಎಂದು ಬರೆದಿದ್ದರು. ಎ.ಸಿ. ಹಾಕಿ ಬಾಗಿಲು ಮುಚ್ಚಿದ್ದ ಆ ಕೋಣೆಯಲ್ಲಿ ಮಾರ್ಕರಿನ ವಾಸನೆ ಹೊರಹೋಗಲು ದಾರಿ ಸಿಗದೆ ಅಲ್ಲೇ ಸುತ್ತುತ್ತಿತ್ತು. ಟ್ರೇನರ್ ಹುಡುಗಿ ಚಪ್ಪಾಳೆ ತಟ್ಟಿ, "ಓಕೆ, ಎಲ್ರೂ ಒಂದ್ ಲೈನಲ್ಲಿ ನಿಂತ್ಕೊಳ್ಳಿ. ನಾನು ಒಂದೊಂದೇ ವಾಕ್ಯ ಹೇಳ್ತೀನಿ. ನಿಮ್ಮ ಪಾಲಿಗೆ ನಿಜ ಅನ್ಸಿದ್ರೆ ಒಂದ್ ಹೆಜ್ಜೆ ಮುಂದೆ ಬನ್ನಿ," ಅಂದಳು. ತಲೆನೋವು ಎಂದು ಹೇಳಿ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ತಲೆಯೇನೂ ನೋಯುತ್ತಿರಲಿಲ್ಲ. ಜೆ.ಪಿ. ನಗರದ ಮನೆಯಲ್ಲಿ ಕಳೆದ ಒಂದು ಶ್ರಾವಣ ಮಾಸ ಹಾಗೇ ಎದುರಿಗೆ ಬಂದು ನಿಂತಿತು.

ಆ ಮನೆಯಲ್ಲಿ ಎಷ್ಟು ದಿನ ಇದ್ದೆವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಏನನ್ನಾದರೂ ಮುಚ್ಚಿಟ್ಟುಕೊಂಡು ಕೂರುವುದು ನನಗೆ ಈ ಜನ್ಮಕ್ಕೆ ಸಾಕಾಗಿದೆ. ಆ ವರ್ಷದ ಗಣಪತಿ ಹಬ್ಬವನ್ನು ಅಲ್ಲಿ ನೋಡಿದೆವು, ದೀಪಾವಳಿಯನ್ನು ನೋಡಲಿಲ್ಲ.

ನಾನಾಗ ಜಯನಗರದ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದೆ. ಅಮ್ಮ ಅಲ್ಲೇ ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹಿಂದಿನ ವರ್ಷ ಲಕ್ವ ಹೊಡೆದು ಅವರ ಎಡಭಾಗ ಸ್ವಾಧೀನ ತಪ್ಪಿತ್ತು. ಬಸ್ಸಿನ ಎಂಜಿನ್ನನ್ನು ಬಿಚ್ಚಿ ಜೋಡಿಸುತ್ತಿದ್ದ ಮನುಷ್ಯ ಅಂಗಿಯ ಗುಂಡಿ ಹಾಕಿಕೊಳ್ಳಲಾರದೆ ಅಳುವುದನ್ನು ನೋಡಿದ ಮೇಲೆ, ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹತ್ತಿರ ಆಗುವ ಕಡೆ ಮನೆ ಮಾಡೋಣ ಎಂದು ಅಮ್ಮ ಹಟ ಹಿಡಿದಳು. ಕುಮಾರಸ್ವಾಮಿ ಲೇಔಟಿನಿಂದ ಜರಗನಹಳ್ಳಿಯವರೆಗೆ ಸುತ್ತಿದೆವು. ಹೋದಲ್ಲೆಲ್ಲ ಅದೇ ಪ್ರಶ್ನೆ: "ನೀವು ಯಾವ ಜನ?" ನಾವು ಬೌದ್ಧರು, ದಲಿತರು. ಅದನ್ನು ಹೇಳಿದ ಕೂಡಲೇ ಓನರಿಗೆ ಊರಿನಿಂದ ತನ್ನ ತಮ್ಮ ಬರಲಿರುವುದು ನೆನಪಾಗುತ್ತಿತ್ತು. ಬೆಂಗಳೂರಿನ ಮನೆ ಓನರುಗಳಿಗೆಲ್ಲ ಎಷ್ಟು ಜನ ತಮ್ಮಂದಿರಪ್ಪಾ ಎಂದು ಅಪ್ಪ, ಬಾಯಿ ಸೊಟ್ಟಗಾಗಿದ್ದರೂ, ನಗುತ್ತಿದ್ದರು.

ಕೊನೆಗೆ ಸಿಕ್ಕಿದ್ದು ಪದ್ಮಾ ಆಂಟಿಯ ಮನೆ. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಅವರು ಮಹಡಿಯಲ್ಲಿ ಒಬ್ಬರೇ ಇದ್ದರು, ಕೆಳಗಿನ ಮನೆ ಬಾಡಿಗೆಗಿತ್ತು. ಹಿಂದುಗಡೆ ಶೀಟು ಹೊದಿಸಿದ ಉದ್ದನೆಯ ಓಣಿ, ಅದರ ಗೋಡೆಗುಂಟ ಕೈ ಎತ್ತರಕ್ಕೆ ಒಂದು ಸ್ಟೀಲ್ ಕಂಬಿ. "ನಮ್ಮನೆಯವರಿಗೆ ಕೊನೇಲಿ ನಡೆಯೋಕಾಗ್ತಿರಲಿಲ್ಲ, ಅದಕ್ಕೆ ಹಾಕಿಸಿದ್ದೆ. ಅವರಿಗೆ ಬಹಳ ದಿನ ಉಪಯೋಗಕ್ಕೆ ಬರಲಿಲ್ಲ, ನಿಮ್ಮ ಯಜಮಾನರಿಗಾದ್ರೂ ಬರಲಿ," ಎಂದು ಅವರು ಹೇಳಿದಾಗ ಅಮ್ಮನ ಕಣ್ಣು ತುಂಬಿತು. ಆಮೇಲೆ ಆ ಪ್ರಶ್ನೆಯೂ ಬಂತು.

"ನೀವು ಯಾವ ಜನ, ಸಿಸ್ಟರ್?"

"ಮಂಡ್ಯ ಕಡೆಯೋರು ಮೇಡಂ. ಮಳವಳ್ಳಿ ಹತ್ರ."

"ಓ, ಗೌಡ್ರು! ಮನೇಲಿ ನಾನ್‌ವೆಜ್ ಮಾಡೋದಿಲ್ಲ ತಾನೆ?"

"ಇಲ್ಲ ಮೇಡಂ," ಎಂದು ಅಮ್ಮ ನಕ್ಕಳು. ಅವಳು ಸುಳ್ಳು ಹೇಳಲಿಲ್ಲ. ಹಾವೂ ಸಾಯದ, ಕೋಲೂ ಮುರಿಯದ ಒಂದು ನಗು ಅದು. ಆ ನಗುವಿನ ಮೇಲೆ ನಾವು ಮೂವರೂ ಸಂಸಾರ ಹೂಡಿದೆವು.

ಬುದ್ಧನ ಮೂರ್ತಿ ಟಿ.ವಿ. ಪಕ್ಕದಲ್ಲೇ ಇತ್ತು. ಬುದ್ಧನಿಂದ ಭಯವಿರಲಿಲ್ಲ, ಈಗ ಬ್ಯೂಟಿ ಪಾರ್ಲರಿನಲ್ಲೂ ಬುದ್ಧ ಕೂತಿರುತ್ತಾನೆ. ನೀಲಿ ಕೋಟು ತೊಟ್ಟು, ಕೈಯಲ್ಲಿ ಪುಸ್ತಕ ಹಿಡಿದವರ ಫೋಟೋ ಮಾತ್ರ ನನ್ನ ಕೋಣೆಯ ಬೀರುವಿನ ಬಾಗಿಲ ಒಳಮೈಗೆ ಹೋಯಿತು. ತಾತನ ಕಾಲದಿಂದ ಗೋಡೆ ಮೇಲಿದ್ದ ಫೋಟೋ ಅದು. ಬೆಳಗ್ಗೆ ಅಮ್ಮ ಬೀರು ತೆಗೆದು, ಕೈಮುಗಿದು, ಮತ್ತೆ ಬೀಗ ಹಾಕುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಏನನ್ನೂ ಕದಿಯದೆಯೇ ನಮಗೆ ಆ ಮನಸ್ಸು ಬಂದಿತ್ತು. ಕಾಲಿಂಗ್ ಬೆಲ್ ಆದರೆ ಸಾಕು, ಮೂವರೂ ಒಮ್ಮೆ ಬೀರುವಿನ ಕಡೆ ನೋಡುತ್ತಿದ್ದೆವು.

ಇಂಥ ಮನೆಗೆ ಪರದೇಶದ ಒಬ್ಬ ಹುಡುಗಿಯನ್ನು ಕರೆತರಬೇಕಾಯಿತು. ನಮ್ಮ ಕಾಲೇಜಿನ ಮೂಲಕ ಯುವ ವಿನಿಮಯ ಕಾರ್ಯಕ್ರಮವೊಂದಕ್ಕೆ ನಾನು ಆಯ್ಕೆಯಾಗಿದ್ದೆ. ವಿಷಯ: ವೈವಿಧ್ಯ, ಎಲ್ಲರನ್ನೂ ಒಳಗೊಳ್ಳುವುದು. ಶ್ರಾವಣದಲ್ಲಿ ಹೊರದೇಶದ ಯುವಕ ಯುವತಿಯರು ಬಂದು ನಮ್ಮಗಳ ಮನೆಯಲ್ಲಿ ಉಳಿಯುವುದು, ಮುಂದಿನ ಬೇಸಿಗೆಗೆ ನಾವು ಅವರ ದೇಶಕ್ಕೆ ಹೋಗುವುದು. ಇಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು ಕಾರ್ತಿಕ್, ಜಯನಗರದವನೇ, ಮೂವತ್ತರ ಆಸುಪಾಸು, ಒಳ್ಳೆಯವನು. ಒಳ್ಳೆಯವನು ಎಂದು ಇಂದಿಗೂ ಹೇಳುತ್ತೇನೆ. ಆದರೆ ಕೆಲವು ಒಳ್ಳೆಯವರನ್ನು ಕಂಡರೆ ನನಗೆ ಕೆಟ್ಟವರಿಗಿಂತ ಹೆಚ್ಚು ಭಯ. ಇಂಟರ್‌ವ್ಯೂನಲ್ಲಿ ಮನೆಯ ಹಿನ್ನೆಲೆ ಕೇಳಿದ, ನಾನು ನಿಜ ಹೇಳಿದೆ. ಅವನ ಮುಖ ಹಬ್ಬದ ದೀಪದಂತೆ ಹೊತ್ತಿಕೊಂಡಿತು. "ಮೈತ್ರಿ, ನಿನ್ನ ಸ್ಟೋರಿ ಸಖತ್ ಪವರ್‌ಫುಲ್! ಇದನ್ನ ಎಲ್ರೂ ಕೇಳ್ಬೇಕು," ಅಂದ. ಎಲ್ಲರೂ ಎಂದರೆ ಅದರಲ್ಲಿ ಪದ್ಮಾ ಆಂಟಿಯೂ ಇರುತ್ತಾರೆ ಎಂದು ನನಗೆ ಆ ಕ್ಷಣವೇ ಹೊಳೆಯಿತು.

ಅಮ್ಮನಿಗೆ ಇಷ್ಟವಿರಲಿಲ್ಲ. "ಸೆರಗಲ್ಲಿ ಕೆಂಡ ಕಟ್ಕೊಂಡು ಕೂತಿದ್ದೀವಿ, ಇದರ ಮೇಲೆ ನೆಂಟರು ಬೇರೆ," ಅಂದಳು. ಅಪ್ಪ ಕಂಬಿ ಹಿಡಿದು ನಡೆಯುತ್ತಿದ್ದವರು ನಿಂತು, "ಬರ್ಲಿ ಬಿಡೇ. ಮಗು ಫಾರಿನ್ ನೋಡ್ಲಿ," ಅಂದರು. ಆ ಹೊತ್ತಿಗೆ ಅವರು ಒಂದು ಕೈಯಲ್ಲಿ ಕಂಬಿ ಹಿಡಿದು ಓಣಿಯ ಆ ತುದಿಯವರೆಗೆ ಹೋಗಿಬರುತ್ತಿದ್ದರು. ದಸರಾ ಹೊತ್ತಿಗೆ ಕಂಬಿ ಬಿಟ್ಟು ನಡೆಯುತ್ತಾರೆ ಎಂದು ಫಿಸಿಯೋ ಡಾಕ್ಟರು ಹೇಳಿದ್ದರು. ನಮ್ಮ ಆಸೆಯೆಲ್ಲ ಆ ದಸರಾ ಮೇಲಿತ್ತು.

ಯಾನಾ ಬಂದ ದಿನ ಜಿಟಿಜಿಟಿ ಮಳೆ. ಯುರೋಪಿನ ಸ್ಲೊವಾಕಿಯಾದ ಹುಡುಗಿ. ಕಪ್ಪು ಕೂದಲು, ಕಪ್ಪು ಕಣ್ಣು, ಬಿಸಿಲಲ್ಲಿ ತುಸು ಹೊತ್ತು ನಿಂತುಬಂದಂಥ ಬಣ್ಣ. ಪದ್ಮಾ ಆಂಟಿ ಮೆಟ್ಟಿಲಿಳಿದು ಬಂದು ಗೇಟಿನ ಹತ್ತಿರವೇ ಅವಳ ಗಲ್ಲ ಹಿಡಿದರು. "ಅಯ್ಯೋ, ಫಾರಿನ್ನೋಳು ಅಂದ್ರಲ್ಲ, ಥೇಟ್ ನಮ್ಮ ಹುಡುಗಿ ಥರಾನೇ ಇದ್ದಾಳೆ! ಏನಮ್ಮ ನಿನ್ನ ಹೆಸರು? ಯಾನಾ? ನಾನು ಜಾನಕಿ ಅಂತ ಕರೀತೀನಿ." ಅಂದಿನಿಂದ ಅವಳು ಮಹಡಿಯಲ್ಲಿ ಜಾನಕಿ.

ಬೆಳಗ್ಗೆ ಅಮ್ಮ ಡ್ಯೂಟಿಗೆ ಹೊರಡುವ ಮೊದಲೇ ಮೇಲಿನಿಂದ ಕೂಗು ಬರುತ್ತಿತ್ತು, "ಜಾನಕಿ, ಕಾಫಿ ಆರ್ತಾ ಇದೆ!" ಯಾನಾ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಕೂತು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ಈ ಮನೆಗೆ ಬಂದು ಎಂಟು ತಿಂಗಳಾಗಿದ್ದರೂ ನಾನು ಆ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಆಂಟಿ ಸಾರಕ್ಕಿ ಮಾರ್ಕೆಟ್ಟಿಗೆ ಅವಳನ್ನು ಕರೆದುಕೊಂಡು ಹೋಗಿ ತಾವರೆ ಹೂ ತಂದರು. ತಮ್ಮ ಮದುವೆಯ ಸೀರೆ ಉಡಿಸಿ, ದೇವರ ಮನೆಯೊಳಗೆ ಕೂರಿಸಿ ಆರತಿ ಎತ್ತಿಸಿದರು. ಹೊರಗಿನ ಹಾಲ್‌ನಲ್ಲಿ ಅರಿಸಿನ ಕುಂಕುಮಕ್ಕೆ ಕಾದು ಕೂತಿದ್ದ ಅಮ್ಮ ನನ್ನ ಕಡೆ ತಿರುಗಿ, "ಫಾರಿನ್ನೋರಿಗೆ ಜಾತಿ ಇಲ್ಲ ನೋಡು. ಪುಣ್ಯವಂತರು," ಎಂದು ಪಿಸುಗುಟ್ಟಿದಳು. ಅವಳ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ನನಗೂ ಇತ್ತು.

ಅವಳಿಗೆ ನನ್ನ ಕೋಣೆ ಕೊಟ್ಟಿದ್ದೆವು. ಬೀರುವಿನ ಬೀಗ ಹಾಕಲು ಅಮ್ಮ ಒಂದು ದಿನ ಮರೆತಳು. ಸಂಜೆ ನಾನು ಕಾಲೇಜಿನಿಂದ ಬಂದಾಗ ಯಾನಾ ಹ್ಯಾಂಗರ್ ಹುಡುಕುತ್ತ ಬೀರು ತೆರೆದು ಅದರ ಮುಂದೆ ನಿಂತಿದ್ದಳು. ಇಂಗ್ಲಿಷಿನಲ್ಲೇ ನಮ್ಮ ಮಾತು.

"ಇವರು ನಿಮ್ಮ ತಾತನಾ?"

"ಒಂದು ಲೆಕ್ಕದಲ್ಲಿ ಹೌದು. ನಮ್ಮ ದೇಶದ ಸಂವಿಧಾನ ಬರೆದವರು."

"ಅಂಥವರನ್ನ ಯಾಕೆ ಬಟ್ಟೆ ಜೊತೆ ಬಚ್ಚಿಟ್ಟಿದ್ದೀರಿ?"

ನಾನು ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ, ಎಲ್ಲವನ್ನೂ ಹೇಳಿದೆ. ಮಹಡಿಯಲ್ಲಿ ಆಂಟಿಯ ಮಿಕ್ಸಿ ಓಡುತ್ತಿತ್ತು, ಅದು ನಿಂತಾಗಲೆಲ್ಲ ನಾನೂ ಮಾತು ನಿಲ್ಲಿಸುತ್ತಿದ್ದೆ. ಪಾಪ ಎನ್ನುತ್ತಾಳೆ, ಅಥವಾ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಮಂಚದ ಮೇಲೆ ಕೂತು, "ನಾನು ಸ್ಕೂಲಿಂದ ಮನೆಗೆ ಹೋಗುವಾಗ ಒಂದು ಸ್ಟಾಪ್ ಮುಂಚೆಯೇ ಬಸ್ ಇಳಿದುಬಿಡುತ್ತಿದ್ದೆ," ಅಂದಳು. ಅವಳದು ರೋಮಾ ಸಮುದಾಯ, ಹೊರಗಿನವರು ಜಿಪ್ಸಿಗಳು ಎಂದು ಹೀಯಾಳಿಸುವ ಜನ. ಅವಳ ಊರಿನಲ್ಲಿ ಆ ಜನರ ಕೇರಿ ಊರಾಚೆ, ರೈಲು ಹಳಿಯ ಆ ಬದಿಗೆ ಇದೆ. ಆ ಸ್ಟಾಪಿನಲ್ಲಿ ಇಳಿಯುವವರು ಯಾರೆಂದು ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತು. ಅದಕ್ಕೇ ಮಂಜಿನಲ್ಲೂ ಒಂದು ಸ್ಟಾಪಿನಷ್ಟು ದೂರ ನಡೆಯುತ್ತಿದ್ದಳಂತೆ. ಅವಳ ಜೊತೆ ಬೆಂಗಳೂರಿಗೆ ಬಂದಿದ್ದ ಗೆಳೆಯರಿಗೂ ಇದು ತಿಳಿದಿರಲಿಲ್ಲ. ನನಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು, ತಬ್ಬಿಕೊಂಡೆ. ಆ ರಾತ್ರಿಯಿಂದ ಮನೆಯಲ್ಲಿ ಎರಡು ಗುಟ್ಟುಗಳಾದವು.

ಎರಡನೇ ವಾರ ಕಾರ್ತಿಕ್ ಸಮಾರೋಪದ ಯೋಜನೆ ಹೇಳಿದ. ಜರಗನಹಳ್ಳಿ ಕಡೆಯ ಒಂದು ಸಣ್ಣ ಹಾಲ್. ಅತಿಥಿಗಳನ್ನು ಇಟ್ಟುಕೊಂಡ ಮನೆಯವರು, ನೆರೆಹೊರೆಯವರು ಎಲ್ಲರಿಗೂ ಆಹ್ವಾನ. ನಾವೆಲ್ಲ ಅವರ ಮುಂದೆ ಒಂದು ಸಾಲಿನಲ್ಲಿ ನಿಲ್ಲಬೇಕು. ಅವನು ಒಂದೊಂದೇ ವಾಕ್ಯ ಓದುತ್ತಾನೆ, ನಿಜ ಅನಿಸಿದವರು ಹೆಜ್ಜೆ ಮುಂದಿಡಬೇಕು. ಕೊನೆಗೆ ಯಾರು ಮುಂದಿದ್ದಾರೆ, ಯಾರು ಹಿಂದೆ ಉಳಿದಿದ್ದಾರೆ ಎಂದು ಎಲ್ಲರೂ ಕಣ್ಣಾರೆ ನೋಡಬೇಕು.

ನಾನು ಅವನನ್ನು ಹೊರಗೆ ಕರೆದು ಕೈಮುಗಿದೆ. "ಕಾರ್ತಿಕ್, ನಮ್ಮ ಓನರ್ ಆಂಟಿ ಬರ್ತಾರೆ. ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಮನೆ ಹೋಗುತ್ತೆ. ಅಪ್ಪ ಈಗ್ತಾನೆ ನಡೀತಿದ್ದಾರೆ."

"ಮೈತ್ರಿ, ಇದೇ ಅಲ್ವಾ ಪಾಯಿಂಟು? ಎಲ್ರೂ ಮುಚ್ಚಿಟ್ಕೊಂಡ್ರೆ ಬದಲಾವಣೆ ಎಲ್ಲಿಂದ ಬರುತ್ತೆ?"

"ಬೇರೆ ಕಡೆಯಿಂದ ಬರ್ಲಿ. ನಮ್ಮನೆಯಿಂದ ಬೇಡ."

ಅವನು ನೊಂದುಕೊಂಡ. ಕೊನೆಗೆ, "ಸರಿ ಮಾ, ನಿನ್ನ ಹೆಸರು ನಾನು ಎತ್ತಲ್ಲ. ನೀನು ಸುಮ್ನೆ ಸಾಲಲ್ಲಿ ನಿಂತ್ಕೋ, ಸಾಕು," ಅಂದ. ಮಾತಿಗೆ ತಪ್ಪುವವನಲ್ಲ. ಆದರೂ ಆ ವಾರವಿಡೀ ನಾನು ದಿನಕ್ಕೆರಡು ಸಲ ಬೀರುವಿನ ಬೀಗ ಎಳೆದು ನೋಡುತ್ತಿದ್ದೆ. ಮಳೆ ಬಿಟ್ಟಿರಲಿಲ್ಲ, ಬಿಸಿಲಿಲ್ಲದೆ ಗೋಡೆಯ ಮೂಲೆಗಳಲ್ಲಿ ಬೂಷ್ಟು ಏಳುತ್ತಿತ್ತು. ಆಂಟಿ ಸಮಾರೋಪಕ್ಕೆಂದು ಚಕ್ಕುಲಿ ಕರಿಯುತ್ತ, "ಜಾನಕಿ ಜೊತೆ ಫಸ್ಟ್ ರೋನಲ್ಲೇ ಫೋಟೋ ತೆಗೆಸ್ಕೋಬೇಕು ನಾನು," ಎಂದು ಸಂಭ್ರಮಪಡುತ್ತಿದ್ದರು. ಅವರ ಪ್ರೀತಿ ಹೆಚ್ಚಾದಷ್ಟೂ ನನ್ನ ಭಯ ಹೆಚ್ಚುತ್ತಿತ್ತು.

ಹಿಂದಿನ ಸಂಜೆ ಯಾನಾ ಓಣಿಯಲ್ಲಿ ಅಪ್ಪನ ಜೊತೆ ಹೆಜ್ಜೆ ಹಾಕುತ್ತಿದ್ದವಳು ನನ್ನ ಹತ್ತಿರ ಬಂದಳು. "ನಾಳೆ ನಾನು ಸುಳ್ಳು ಹೆಜ್ಜೆ ಇಡುವುದಿಲ್ಲ. ನನಗೆ ಸಾಕಾಗಿದೆ. ಇಷ್ಟು ದೂರ ಬಂದೂ ಒಂದು ಸ್ಟಾಪ್ ಮುಂಚೆ ಇಳಿಯಬೇಕಾ? ನೀನು ಮಾತ್ರ ಇಡು. ನಿನಗೆ ಕಳೆದುಕೊಳ್ಳೋಕೆ ಮನೆ ಇದೆ," ಅಂದಳು.

ಹಾಲ್‌ನಲ್ಲಿ ಚಾರ್ಟ್ ಹಾಳೆ, ಬಲೂನು, ಅದೇ ಮಾರ್ಕರಿನ ವಾಸನೆ. ಮೊದಲ ಸಾಲಿನಲ್ಲಿ ಪದ್ಮಾ ಆಂಟಿ ರೇಷ್ಮೆ ಸೀರೆಯಲ್ಲಿ, ಅವರ ಪಕ್ಕ ಅಮ್ಮ. ಕಾರ್ತಿಕ್ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದತೊಡಗಿದ. ಮೊದಮೊದಲಿನವು ಹಗುರವಾಗಿದ್ದವು. ನಮ್ಮ ಹಬ್ಬಕ್ಕೆ ಸ್ಕೂಲಿಗೆ ರಜೆ ಇತ್ತು, ಒಂದು ಹೆಜ್ಜೆ. ಮನೆಯಲ್ಲಿ ಓದಲು ಜಾಗ ಇತ್ತು, ಒಂದು ಹೆಜ್ಜೆ. ಬಾಡಿಗೆ ಮನೆ ಕೇಳಲು ಹೋದಾಗ ನನಗೆ ಯಾವತ್ತೂ ಭಯವಾಗಿಲ್ಲ ಎಂದಾಗ ನಾನು ಅಮ್ಮನನ್ನು ನೋಡಿದೆ. ಅಮ್ಮ ನೆಲ ನೋಡುತ್ತಿದ್ದಳು. ನಾನು ಹೆಜ್ಜೆ ಇಟ್ಟೆ.

"ನಾನು ಯಾರು, ಯಾವ ಜನ ಅಂತ ಯಾರ ಹತ್ರಾನೂ ಮುಚ್ಚಿಡಬೇಕಾಗಿ ಬಂದಿಲ್ಲ."

ಅದಕ್ಕೂ ಹೆಜ್ಜೆ ಇಟ್ಟೆ. ಇಂದಿಗೂ ನನಗೆ ಅದರ ಬಗ್ಗೆ ನಾಚಿಕೆಯಿಲ್ಲ. ನಡೆಯಲು ಕಲಿಯುತ್ತಿದ್ದ ಅಪ್ಪನಿಗಾಗಿ ನಾನು ಅಂದು ಎಷ್ಟು ಸುಳ್ಳು ಹೆಜ್ಜೆ ಬೇಕಾದರೂ ಇಡುತ್ತಿದ್ದೆ. ತಿರುಗಿ ನೋಡಿದಾಗ ಹಿಂದೆ ಯಾನಾ ಒಬ್ಬಳೇ ನಿಂತಿದ್ದಳು. ಬಾಡಿಗೆ ಮನೆ, ಓದುವ ಜಾಗ, ಯಾವುದಕ್ಕೂ ಅವಳು ಕದಲಿರಲಿಲ್ಲ. ಅವಳ ಗುಂಪಿನವರೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಕಾರ್ತಿಕ್ ಮೈಕ್ ಹಿಡಿದು ಅವಳ ಹತ್ತಿರ ಹೋದ. ತಾನು ರೋಮಾ, ತನ್ನ ಕೇರಿ ಊರಾಚೆ ಎಂದು ಅವಳು ಹೇಳಿದಳು, ನಡುಗದೆ, ನಾಲ್ಕೇ ಮಾತಿನಲ್ಲಿ. ಅದನ್ನು ಅಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಾರ್ತಿಕ್‌ಗೆ ಖುಷಿ ತಡೆಯಲಾಗಲಿಲ್ಲ. "ಫ್ರೆಂಡ್ಸ್, ನಿಮಗೆ ಗೊತ್ತಾ? ಈ ರೋಮಾ ಜನ ನೂರಾರು ವರ್ಷದ ಹಿಂದೆ ನಮ್ಮ ಇಂಡಿಯಾದಿಂದಲೇ ಹೋದೋರು! ಇವಳು ನಮ್ಮವಳೇ! ವೆಲ್‌ಕಮ್ ಹೋಮ್, ಯಾನಾ!"

ಹಾಲ್ ಚಪ್ಪಾಳೆಯಲ್ಲಿ ಮುಳುಗಿತು. ಪದ್ಮಾ ಆಂಟಿಯೂ ತಟ್ಟಿದರು. ತಟ್ಟುತ್ತಿದ್ದಂತೆ ಅವರ ಕೈ ನಿಧಾನವಾಯಿತು. ಅವರು ಅಮ್ಮನ ಕಡೆ ಬಾಗಿ ಕೇಳಿದ್ದನ್ನು ಅಮ್ಮ ಆಮೇಲೆ ನನಗೆ ಹೇಳಿದಳು.

"ಇಲ್ಲಿಂದ ಹೋದೋರು ಅಂದ್ರೆ... ಇಲ್ಲಿ ಯಾವ ಜನ, ಸಿಸ್ಟರ್?"

ಅಮ್ಮ ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಆಂಟಿ ಫೋಟೋ ತೆಗೆಸಿಕೊಳ್ಳದೆ ಮನೆಗೆ ಹೊರಟರು. ಮೊಣಕಾಲು ನೋವು ಅಂದರು.

ಪರದೇಶದವಳಾಗಿದ್ದಷ್ಟು ದಿನ ಯಾನಾಗೆ ಜಾತಿ ಇರಲಿಲ್ಲ. ನಮ್ಮವಳೇ ಎಂದು ಯಾವಾಗ ಅಪ್ಪಿಕೊಂಡರೋ ಆಗಲೇ ಅವಳಿಗೆ ಒಂದು ಜಾತಿ ಬೇಕಾಯಿತು. ಆಂಟಿ ಆ ರಾತ್ರಿ ಯಾರಿಗೆ ಫೋನು ಮಾಡಿದರೋ, ಏನು ಓದಿದರೋ. ಮಾರನೆಯ ಬೆಳಗ್ಗೆ ಕಾಫಿಗೆ ಕೂಗು ಬರಲಿಲ್ಲ. ಯಾನಾ ಅಭ್ಯಾಸದಂತೆ ತಾನೇ ಮೇಲೆ ಹೋದಳು. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಆಂಟಿ ಬಾಗಿಲಿಗೇ ಬಂದು ಕಾಫಿ ಕೊಟ್ಟರು, ಪೇಪರ್ ಕಪ್ಪಿನಲ್ಲಿ. "ಮಳೆಗಾಲ ನೋಡಮ್ಮ, ಇನ್‌ಫೆಕ್ಷನ್ ಜಾಸ್ತಿ. ಯೂಸ್ ಅಂಡ್ ಥ್ರೋ ಒಳ್ಳೇದು," ಎಂದು ಇಂಗ್ಲಿಷಿನಲ್ಲಿ ಬಹಳ ಮೃದುವಾಗಿ ಹೇಳಿದರು. ಒಳಗೆ ದೇವರ ಮನೆಯ ಬಾಗಿಲು ಎಳೆದಿತ್ತು.

ಯಾನಾ ಕಪ್ಪು ಹಿಡಿದು ಕೆಳಗೆ ಬಂದು, ಅದನ್ನು ನಮ್ಮ ಮೇಜಿನ ಮೇಲಿಟ್ಟಳು. "ಒಂದೇ ರಾತ್ರಿಯಲ್ಲಿ," ಅಂದಳು. ಆಮೇಲೆ ನಕ್ಕಳು. ಆ ನಗು ನನಗೆ ಪರಿಚಯದ್ದು, ಅಮ್ಮನದೂ ಅದೇ ನಗು. ನಮಗೆ ಭಯವಾಗಿದ್ದು ಅವಳಿಗಾಗಿ ಮಾತ್ರ ಅಲ್ಲ. ನಮಗೆ ಮುಂದೆ ಆಗಬಹುದಾದ್ದೆಲ್ಲ ಅವಳ ಮೇಲೆ ದಿನಕ್ಕೊಂದರಂತೆ ನಡೆಯುತ್ತಿತ್ತು, ನಾವು ಮೂವರೂ ನೋಡುತ್ತಿದ್ದೆವು. ಸಮಾರೋಪ ಮುಗಿದಿದ್ದರೂ ಗಣಪತಿ ಹಬ್ಬ ಕಳೆಯುವವರೆಗೆ ಅವಳು ನಮ್ಮಲ್ಲೇ ಇರಬೇಕಿತ್ತು. ಗೇಟಿನ ಹತ್ತಿರ ಎದುರಾದರೆ ಆಂಟಿ ಸೆರಗು ಎಳೆದುಕೊಂಡು ಗೋಡೆ ಕಡೆ ಸರಿಯುವರು. ಜಾನಕಿ ಹೋಗಿ 'ಆ ಹುಡುಗಿ' ಆದಳು. ಗೌರಿ ಹಬ್ಬಕ್ಕೆ ಕರೆಯಲು ಬಂದವರು ಹೊಸ್ತಿಲ ಆಚೆಯೇ ನಿಂತು, "ನೀವೂ ಮೈತ್ರಿನೂ ಬನ್ನಿ ಸಿಸ್ಟರ್. ಆ ಹುಡುಗಿ ಬೇಡ, ತಪ್ಪು ತಿಳ್ಕೋಬೇಡಿ," ಅಂದರು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಅಮ್ಮ ಹೋದಳು. ಬಾಗಿನದ ಮೊರ ತಂದು ಮೂಲೆಯಲ್ಲಿಟ್ಟಳು, ಒಳಗಿನದನ್ನು ಯಾರೂ ಮುಟ್ಟಲಿಲ್ಲ.

ಆ ದಿನಗಳಲ್ಲಿ ಅಪ್ಪನ ನಡಿಗೆ ಹಿಂದೆ ಬಿತ್ತು. ಓಣಿಯ ಅರ್ಧಕ್ಕೇ ಸುಸ್ತಾಗಿ ನಿಂತುಬಿಡುತ್ತಿದ್ದರು. "ಶೀಟು ಇದ್ರೂ ಮೇಲಿಂದ ನೋಡ್ತಿರ್ತಾರೆ ಅನ್ಸುತ್ತೆ ಕಣಮ್ಮ, ಕಾಲು ಬರಲ್ಲ," ಎಂದು ನನಗೊಬ್ಬಳಿಗೇ ಹೇಳಿದರು.

ಗಣಪತಿ ಹಬ್ಬ ಕಳೆದ ಎರಡನೇ ದಿನ ಯಾನಾ ಹೊರಟಳು. ಮಹಡಿಯ ಕಡೆ ಕೈಬೀಸಿದಳು, ಕರ್ಟನ್ ಅಲುಗಿತು, ಅಷ್ಟೇ. ಟ್ಯಾಕ್ಸಿ ಹತ್ತುವ ಮೊದಲು ಅಮ್ಮನ ಎರಡೂ ಕೈ ಹಿಡಿದುಕೊಂಡಳು. ಅಮ್ಮ ಅವಳ ನೆತ್ತಿ ನೇವರಿಸಿ, ದಾರಿಗೆಂದು ಚಿತ್ರಾನ್ನದ ಡಬ್ಬಿ ಕೈಗಿಟ್ಟಳು.

ಆ ಮಧ್ಯಾಹ್ನ ಅಮ್ಮನಿಗೆ ರಜೆ. ಯಾನಾ ಮಲಗಿದ್ದ ಹಾಸಿಗೆಯ ಬೆಡ್‌ಶೀಟು, ಹೊದಿಕೆ ಎಲ್ಲ ಒಗೆದು ಹಿಂದಿನ ಓಣಿಯಲ್ಲಿ ಒಣಹಾಕುತ್ತಿದ್ದಳು. ಮಳೆಗಾಲದಲ್ಲಿ ಎರಡೂ ಮನೆಯ ಬಟ್ಟೆಗೆ ಅದೇ ಜಾಗ, ಶೀಟಿನ ಕೆಳಗೆ ಎರಡು ಹಗ್ಗ ಕಟ್ಟಿತ್ತು. ಆಂಟಿಯ ಹಬ್ಬದ ಸೀರೆಗಳು ಆಗಲೇ ತೂಗುತ್ತಿದ್ದವು. ಅಪ್ಪ ಆ ತುದಿಯಲ್ಲಿ ಕಂಬಿ ಹಿಡಿದು ನಡೆಯುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಆಂಟಿ ಕೆಳಗಿಳಿದು ಬಂದರು, ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಹಳೆಯ ಸಲಿಗೆ.

"ಅಬ್ಬ, ಹೋದಳಲ್ಲ! ಆ ಶೀಟನ್ನೆಲ್ಲ ಯಾಕೆ ಒಗೆಯೋಕೆ ಹೋದ್ರಿ ಸಿಸ್ಟರ್, ಎಸೆದುಬಿಡಿ. ನಾನು ಹೊಸದು ಕೊಡ್ತೀನಿ."

"ಚೆನ್ನಾಗಿದಾವೆ ಮೇಡಂ," ಅಂದಳು ಅಮ್ಮ.

"ನಿಮ್ಮ ತಪ್ಪಿಲ್ಲ ಬಿಡಿ. ನಮಗೆ ಹೇಗೆ ಗೊತ್ತಾಗುತ್ತೆ? ನೋಡೋಕೆ ನಮ್ಮ ಥರಾನೇ ಇರ್ತಾರೆ. ದೇವರ ಮನೆಯೊಳಗೆ ಕೂರಿಸಿಬಿಟ್ಟೆನಲ್ಲ, ನೆನೆಸ್ಕೊಂಡ್ರೆ ಈಗಲೂ ಮೈಯೆಲ್ಲ ಹೇಗೋ ಆಗುತ್ತೆ. ನಿಮಗಂತೂ ಪಾಪ, ಒಂದೇ ಮನೇಲಿ, ಒಂದೇ ಬಾತ್‌ರೂಮು. ನಿಮಗೂ ಅಸಹ್ಯ ಆಗಿರ್ಬೇಕಲ್ವಾ ಸಿಸ್ಟರ್?"

ಅಮ್ಮ ಒಂದು ಕ್ಲಿಪ್ಪು ಕೈಗೆ ತೆಗೆದುಕೊಂಡಳು. ಮಾಡಿನ ಶೀಟಿನ ಮೇಲೆ ಮಳೆ ಸಣ್ಣಗೆ ಬೀಳುತ್ತಿತ್ತು. ನಕ್ಕುಬಿಡು ಅಮ್ಮ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಸಲ ನಕ್ಕರೆ ಮುಗಿಯಿತು, ದಸರಾ ಹತ್ತಿರದಲ್ಲೇ ಇದೆ.

"ಅಲ್ವಾ?" ಎಂದು ಆಂಟಿ ಮತ್ತೆ ಕೇಳಿದರು.

ಸುಮ್ಮನಿರು ಎಂದರೆ ಅಮ್ಮ ವರ್ಷಗಟ್ಟಲೆ ಸುಮ್ಮನಿರುವವಳು. ಹೂಂ ಅನ್ನು ಎಂದಾಗ ಅವಳಿಂದ ಆಗಲಿಲ್ಲ. ಕೈಯಲ್ಲಿದ್ದ ಕ್ಲಿಪ್ಪನ್ನು ಬೆಡ್‌ಶೀಟಿಗೆ ಹಾಕಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಅವರ ಕಡೆ ತಿರುಗಿದಳು.

"ಇಲ್ಲ ಮೇಡಂ. ನಾವು ಗೌಡ್ರಲ್ಲ. ನೀವು ಅಂದ್ಕೊಂಡ್ರಿ, ನಾನು ಅಲ್ಲ ಅನ್ನಲಿಲ್ಲ. ನಾವೂ ಊರಾಚೆಯ ಜನವೇ."

ಆಂಟಿ ಬೈಯಲಿಲ್ಲ, ಕೂಗಲಿಲ್ಲ. ಅಮ್ಮನ ಮುಖವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಹಗ್ಗದ ಹತ್ತಿರ ಹೋಗಿ ತಮ್ಮ ಸೀರೆಗಳನ್ನು ಒಂದೊಂದಾಗಿ ತೆಗೆಯತೊಡಗಿದರು. ಯಾವುದೂ ಒಣಗಿರಲಿಲ್ಲ. ಹಸಿ ಸೀರೆಗಳನ್ನೆಲ್ಲ ತೋಳಿನ ಮೇಲೆ ಹೇರಿಕೊಂಡರು. ರವಿಕೆ, ಟವೆಲ್, ಒಂದು ಕರವಸ್ತ್ರವನ್ನೂ ಬಿಡಲಿಲ್ಲ. ನೀರು ಅವರ ಮೈಮೇಲೆಲ್ಲ ಇಳಿಯುತ್ತಿತ್ತು. ಹಾಗೇ ಮೆಟ್ಟಿಲು ಹತ್ತಿದರು. ಮೇಲೆ ಬಾಗಿಲು ಹಾಕಿದ ಸದ್ದಾಯಿತು, ಆಮೇಲೆ ಚಿಲಕದ ಸದ್ದು.

ಅಪ್ಪ ಓಣಿಯ ಆ ತುದಿಯಲ್ಲಿ ಕಂಬಿ ಹಿಡಿದು ನಿಂತುಬಿಟ್ಟಿದ್ದರು. ನಾನು ಅಳುತ್ತಿದ್ದೆ. ಅಮ್ಮ ಅಳಲಿಲ್ಲ. ಬಕೆಟ್ಟಿನಲ್ಲಿ ಉಳಿದಿದ್ದ ಹೊದಿಕೆಯನ್ನು ಹಿಂಡಿ, ಖಾಲಿಯಾಗಿದ್ದ ಹಗ್ಗದ ಮೇಲೆ ಅಗಲವಾಗಿ ಹರವಿ, ಅಪ್ಪನ ಕಡೆ ನೋಡಿದಳು.

"ಯಾಕೆ ನಿಂತ್ಕೊಂಡ್ರಿ? ನಡೀರಿ," ಅಂದಳು. "ಇಲ್ಲಿರೋಷ್ಟು ದಿನ ನಡೀರಿ."